ಕೂಗದ ಎಲೆ

ಹೊಳೆ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಫಕ್ಕೀರೇಶ ಅನ್ನೋ ಶಿಷ್ಯ. ಆಶ್ರಮದ ಗೋಪುರಕ್ಕಿಂತ ಅವನ ಮಾತೇ ಒಂದು ಗೇಣು ಎತ್ತರ.

ಕೈಯೂ ಅಷ್ಟೇ ಚುರುಕು, ಅದು ಸುಳ್ಳಲ್ಲ. ನೀರೆತ್ತುವ ಪಂಪು, ಶಾಲೆಯ ಕಂಪ್ಯೂಟರು, ಗೇಟಿನ ಕ್ಯಾಮೆರಾ, ಆಚೆ ದಂಡೆಯ ದವಾಖಾನೆಯ ಔಷಧಿ ಫ್ರಿಜ್ಜು, ಎಲ್ಲವನ್ನೂ ಒಂದೇ ನೆಟ್‌ವರ್ಕಿಗೆ ಕಟ್ಟಿದ್ದ. ಅವುಗಳ ಮೇಲೆ ಕಣ್ಣಿಡಲು ಒಂದು ಸಾಫ್ಟ್‌ವೇರ್ ಕೂರಿಸಿದ್ದ. ಯಾವುದಕ್ಕೆ ಏನಾದರೂ ಅದು ಅವನ ಮೊಬೈಲಿಗೆ ಕೂಗಿ ಹೇಳುತ್ತಿತ್ತು.

ಮೊದಮೊದಲು ಅದು ಎಲ್ಲದಕ್ಕೂ ಕೂಗಿತು. ಕ್ಯಾಮೆರಾದ ಮುಂದೆ ಆಡು ಹಾದರೂ ಕೂಗು. ಪಂಪು ಚಾಲೂ ಆದರೂ ಕೂಗು, ಬಂದಾದರೂ ಕೂಗು. ಫ್ರಿಜ್ಜಂತೂ ಗಳಿಗೆಗೊಮ್ಮೆ 'ತಣ್ಣಗಿದ್ದೇನೆ, ತಣ್ಣಗಿದ್ದೇನೆ' ಅಂತ ವರದಿ ಒಪ್ಪಿಸುತ್ತಿತ್ತು.

ಬೆಳಗಿನ ಪ್ರಾರ್ಥನೆಯ ನಡುವೆಯೂ ಅವನ ಕಿಸೆ ಚಿಲಿಪಿಲಿಗುಟ್ಟಿತು.

ಆಶ್ರಮದ ಗುರು ಒಬ್ಬ ಮುದುಕಿ. ಎಲ್ಲರಿಗೂ ಅವರು ಅವ್ವಾರು. ಅವ್ವಾರು ಕಣ್ಣು ತೆರೆದರು.

"ಏನೋ ತಮ್ಮಾ, ಕಿಸೇದಾಗ ಗುಬ್ಬಿ ಸಾಕೀಯೇನು?"

ಎಲ್ಲರೂ ನಕ್ಕರು. ಫಕ್ಕೀರೇಶನ ಕಿವಿ ಕೆಂಪಾದವು.

ಅವತ್ತೇ ಕೂತು ಫಿಲ್ಟರ್ ಹಾಕಿದ. ಜೋಳ ಕೇರಿದ ಹಾಗೆ ಕೇರಿದ. ಆಡು ಹೋಯಿತು, ಪಂಪು ಹೋಯಿತು, 'ತಣ್ಣಗಿದ್ದೇನೆ'ಯೂ ಹೊಟ್ಟಿನ ಜೊತೆ ಹಾರಿತು. ಇನ್ನು ಕೆಟ್ಟ ಸುದ್ದಿ ಮಾತ್ರ ಬರಬೇಕು. ಫ್ರಿಜ್ಜು ಬೆಚ್ಚಗಾದರೆ ಕೂಗು, ಇಲ್ಲದಿದ್ದರೆ ಬಾಯಿ ಮುಚ್ಚು.

ಮೊಬೈಲು ಮೂಕವಾಯಿತು.

ಆಚೆ ದಂಡೆಯ ದವಾಖಾನೆಗೆ ರುದ್ರವ್ವ ನರ್ಸು. ಅಲ್ಲಿನ ಫ್ರಿಜ್ಜಿನಲ್ಲಿ ಹಾವು ಕಡಿದವರಿಗೆ ಕೊಡುವ ಮದ್ದಿತ್ತು. ಸುತ್ತಲಿನ ಹಳ್ಳಿಗಳಿಗೆಲ್ಲ ಅದೇ ಜೀವ. ಬೆಚ್ಚಗಾದರೆ ಮದ್ದು ಕೆಟ್ಟಿತು ಅಂತಲೇ. ಅದಕ್ಕೇ ಆಕೆ ದಿನಾ ಬೆಳಿಗ್ಗೆ ಹೋಗಿ ಫ್ರಿಜ್ಜು ನೋಡದೆ ಚಹಾ ಕುಡಿದವಳಲ್ಲ.

ಈಗ ಆಕೆಯ ಬಸುರಿ ತಂಗಿಗೆ ಕುಬುಸ. ತವರಿಗೆ ಹೋಗಬೇಕು, ಹೋಗಲು ಮನಸ್ಸಿಲ್ಲ. ಫಕ್ಕೀರೇಶನನ್ನು ಕೇಳಿದಳು.

"ನಾ ಹೋದ್ರ ಫ್ರಿಜ್ ಯಾರಪಾ ನೋಡ್ತಾರ?"

"ಅಕ್ಕಾರ, ನೀವು ಹೋಗಿ ಹೋಳಿಗಿ ಉಂಡು ಬರ್ರಿ. ಫ್ರಿಜ್ಜಿಗೆ ಕೆಮ್ಮು ಬಂದ್ರೂ ನನ್ನ ಮೊಬೈಲಿಗೆ ಗೊತ್ತಾಗತೈತಿ."

"ನಿನ್ನ ಮಾತಿನ ಮ್ಯಾಲೆ ಹೊಂಟೀನಿ ನೋಡು ಮತ್ತ."

"ನನ್ನ ಮಾತು ಅಂದ್ರ ಕಲ್ಲಾಗ ಕೊರದಂಗ್ರಿ."

ರುದ್ರವ್ವ ಹೋದಳು. ಮರುದಿನ ಮಧ್ಯಾಹ್ನ ಫಕ್ಕೀರೇಶ ಮೊಬೈಲು ಹಿಡಿದು ಅವ್ವಾರ ಮುಂದೆ ನಿಂತ.

"ಅವ್ವಾರ, ನಿನ್ನಿಯಿಂದ ಒಂದ ಒಂದು ಕೂಗಿಲ್ಲ. ಎಲ್ಲಾ ಸುಖ ಐತಿ. ಇಂಥಾ ಫಿಲ್ಟರ್ ಹಾಕಾಂವ ಈ ಹೊಳಿಸಾಲಿನ್ಯಾಗ ಇನ್ನೊಬ್ಬ ಹುಟ್ಟಿಲ್ರಿ."

"ಕೂಗಿಲ್ಲ ಅಂದ್ರ ಸುಖ ಐತಿ ಅಂತೇನು?"

"ಮತ್ತ? ಕಷ್ಟ ಇದ್ರ ಕೂಗತಿತ್ತಲ್ರಿ."

ಊಟದ ಗಂಟೆ ಹೊಡೆಯಿತು. ಅವ್ವಾರು ಸಾರಿನ ಬಕೆಟ್ಟಿನ ಕಡೆ ಕೈ ತೋರಿಸಿದರು.

"ಇವತ್ತ ಪಂಕ್ತಿಗೆ ಸಾರು ನೀನ ಬಡಸು."

ಆ ಆಶ್ರಮದಲ್ಲಿ ಒಂದು ರೂಢಿ. ಬಕೆಟ್ಟು ಹಿಡಿದವನೇ ಪಂಕ್ತಿ ಮುಗಿಸಬೇಕು. ನಡುವೆ ಇನ್ನೊಬ್ಬರು ಅದಕ್ಕೆ ಕೈ ಹಾಕುವಂತಿಲ್ಲ.

"ಬಡಸೂದು ನನಗ ಕಲಸಬ್ಯಾಡ್ರಿ ಅವ್ವಾರ. ನಮ್ಮೂರಾಗ ಸಾವಿರ ಎಲಿ ಮದುವ್ಯಾಗ ಓಡ್ಯಾಡಿದ ಕಾಲು ಇವು."

ಇಲ್ಲೂ ಓಡಾಡಿದ. "ಸಾರು ಇತ್ತ ಬರ್ಲಿ!" ಅಂದಲ್ಲಿ ಹಾಜರು. "ಏ ಫಕ್ಕೀರಾ, ನಮ್ಮನ್ನ ಮರ್ತೇನೋ!" ಅಂದಲ್ಲಿ ಎರಡು ಸೌಟು. ಒಂದು ಹನಿ ನೆಲಕ್ಕೆ ಬೀಳಲಿಲ್ಲ. ನೋಡನೋಡುತ್ತ ಕೂಗೆಲ್ಲ ಅಡಗಿ ಬರೀ ಉಣ್ಣುವ ಸದ್ದು ಉಳಿಯಿತು.

ಬಕೆಟ್ಟು ಇಳಿಸಿ ಬೆವರು ಒರೆಸಿಕೊಂಡ.

"ಅವ್ವಾರು ಎಲ್ಲೆದಾರ? ಬಂದು ನೋಡ್ಲಿ. ಇನ್ನ ಯಾರರ ಒಬ್ಬರು ಕೂಗ್ಲಿ ನೋಡೋಣು!"

ಯಾರೂ ಕೂಗಲಿಲ್ಲ.

ಪಂಕ್ತಿಯ ಕಟ್ಟಕಡೆಗೆ, ಕಂಬದ ಮಗ್ಗುಲಿಗೆ ಅವ್ವಾರು ಕೂತಿದ್ದರು. ಮುಂದಿನ ಮುತ್ತಲ ಎಲೆಯ ಮೇಲೆ ಬರೀ ಅನ್ನ. ಅದರಲ್ಲಿ ಒಂದು ತುತ್ತು ಮಾತ್ರ ಕಡಿಮೆಯಾಗಿತ್ತು.

"ಅಯ್ಯ! ಒಂದ ಮಾತು ಕರೀಬಾರದೇನ್ರಿ ಅವ್ವಾರ?"

ಅವ್ವಾರು ಕೈಯಿಂದ ಗಂಟಲು ತೋರಿಸಿದರು. ಎರಡು ಗುಟುಕು ನೀರು ಕುಡಿದರು. ಆಮೇಲೆ ದನಿ ಬಂತು.

"ಒಣ ಅನ್ನ ಗಂಟಲಕ್ಕ ಹತ್ತಿದಾಕಿ ಹ್ಯಾಂಗ ಕರೀಲೋ?"

ಫಕ್ಕೀರೇಶ ನಕ್ಕ. ನಗು ಅರ್ಧಕ್ಕೇ ನಿಂತಿತು.

ಫ್ರಿಜ್ಜಿನ ಬಿಸಿ ಅಳೆದು ಸುದ್ದಿ ಕಳಿಸಲು ಅವನೇ ಒಂದು ಪುಟ್ಟ ಡಬ್ಬಿ ಕೂರಿಸಿದ್ದ. ಅದಕ್ಕೂ ಕರೆಂಟು ಕೊಟ್ಟದ್ದು ಫ್ರಿಜ್ಜಿನ ಪ್ಲಗ್ಗಿನಿಂದಲೇ. ಕರೆಂಟು ಹೋದರೆ ಎರಡೂ ಒಟ್ಟಿಗೇ ಸಾಯುತ್ತವೆ. ಸತ್ತದ್ದು 'ಬೆಚ್ಚಗಾದೆ' ಅಂತ ಕೂಗುವುದಿಲ್ಲ.

ಸೌಟು ಅಲ್ಲೇ ಬಿತ್ತು. ಓಡಿದ.

ಕಂಪ್ಯೂಟರು ತೆರೆದು, ಕೇರಿ ಚೆಲ್ಲಿದ ಹೊಟ್ಟಿನಲ್ಲಿ ಹುಡುಕಿದ. ಪಂಪು ಮಾತಾಡಿತ್ತು. ಗೇಟು ಮಾತಾಡಿತ್ತು. ಆಡು ಕೂಡ ಎರಡು ಸಲ ಹಾದಿತ್ತು. 'ತಣ್ಣಗಿದ್ದೇನೆ' ಮಾತ್ರ ಬೆಳಗಿನಿಂದ ಇರಲಿಲ್ಲ.

ಹರಿಗೋಲು ಹತ್ತಿ ಹುಟ್ಟು ಹಾಕಿದ. ಹೊಳೆಗೆ ಯಾವ ಅವಸರವೂ ಇರಲಿಲ್ಲ. ದಾರಿಯುದ್ದ ಅವನ ಬಾಯಲ್ಲಿ ಒಂದೇ ಮಾತು: "ತಡಕೋ ನಮ್ಮವ್ವಾ, ತಡಕೋ." ಹೊಳೆಗೆ ಹೇಳಿದನೋ ಫ್ರಿಜ್ಜಿಗೆ ಹೇಳಿದನೋ, ಅವನಿಗೇ ತಿಳಿಯದು.

ದವಾಖಾನೆಯ ಗೋಡೆಯಲ್ಲಿ ಕರೆಂಟಿನ ಗುಂಡಿ ಕೆಳಗೆ ಬಿದ್ದಿತ್ತು. ಮೇಲೆತ್ತಿದ. ಫ್ರಿಜ್ಜು ಒಮ್ಮೆ ನಡುಗಿ, ಗುಂಯ್ ಅಂತ ಉಸಿರೆಳೆದುಕೊಂಡಿತು.

ಬಾಗಿಲು ತೆರೆಯಲಿಲ್ಲ, ಒಳಗಿನ ತಂಪು ಹೋದೀತು ಅಂತ. ಬಾಗಿಲ ಮೇಲಿನ ತಾಪಮಾಪಕದ ಮುಳ್ಳು ನೋಡಿದ. ಹಸಿರು ಪಟ್ಟಿಯ ಅಂಚಿಗೆ ಬಂದು ನಿಂತಿತ್ತು. ದಾಟಿರಲಿಲ್ಲ.

ಮದ್ದು ಉಳಿದಿತ್ತು.

ಮುಳ್ಳು ಹಿಂದೆ ಸರಿಯುವ ತನಕ ಫ್ರಿಜ್ಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತ. ಕೂತಲ್ಲೇ ಸಾಫ್ಟ್‌ವೇರಿಗೆ ಹೊಸ ಕಟ್ಟಳೆ ಬರೆದ. ಅರ್ಧ ತಾಸು ಫ್ರಿಜ್ಜಿನಿಂದ ಯಾವ ಸುದ್ದಿಯೂ ಬರದಿದ್ದರೆ, ಆ ಸುಮ್ಮನಿರುವುದನ್ನೇ ಕೂಗು ಅಂತ ತಿಳಿ.

ಎದ್ದು ಕೈ ಮುಗಿದ. ಫ್ರಿಜ್ಜಿಗೆ, ಹೊಳೆಗೆ, ಆಮೇಲೆ ಒಂದು ತುತ್ತು ಒಣ ಅನ್ನಕ್ಕೆ.

ಈಚೆ ದಂಡೆಗೆ ಬರುವಾಗ ಹೊತ್ತು ಇಳಿದಿತ್ತು. ಊಟದ ಮನೆಯಲ್ಲಿ ಎಲೆಗಳನ್ನೆಲ್ಲ ಎತ್ತಿ ಗುಡಿಸಿಯಾಗಿತ್ತು. ಅಡುಗೆಯವರು ಬಾಗಿಲಲ್ಲಿ ನಿಂತು, ಒಮ್ಮೆ ಬಕೆಟ್ಟಿನ ಕಡೆ, ಒಮ್ಮೆ ಕಂಬದ ಕಡೆ ನೋಡುತ್ತಿದ್ದರು. ಅವ್ವಾರು ಕೂತಲ್ಲೇ ಕೂತಿದ್ದರು.

ಫಕ್ಕೀರೇಶ ಹೋಗಿ ಉದ್ದಕ್ಕೆ ಬಿದ್ದ. ಕಣ್ಣೀರು ನೆಲಕ್ಕೆ ಇಳಿಯಿತು.

"ಅವ್ವಾರ, ಹಾವು ಕಡದಾಂವ ಯಾವನರ ಇವತ್ತ ಬಂದಿದ್ರ ನಾ ಎಲ್ಲಿ ಮುಖ ಇಡತಿದ್ನಿ? ನಿಮ್ಮ ಋಣ ಈ ಜನ್ಮಕ್ಕ ತೀರೂದಿಲ್ರಿ."

"ಏಳೋ, ಏಳು."

"ಇಲ್ಲೆ ಕುಂತು ಆಚೆ ದಂಡಿ ಕಂಡ್ರಿ ನೀವು! ಇಂಥಾ ಗುರು ಸಿಕ್ಕ ಶಿಷ್ಯ ನನ್ನ ಬಿಟ್ಟು ಇನ್ನೊಬ್ಬ ಇದ್ರ ತೋರಸ್ರಿ ನೋಡೋಣು. ಖರೇ ಹೇಳ್ರಿ, ಫ್ರಿಜ್ಜು ಸತ್ತದ್ದು ನಿಮಗ ಹ್ಯಾಂಗ ತಿಳೀತು?"

ಅವ್ವಾರ ಬಲಗೈ ಎಂಜಲಾಗಿತ್ತು. ಎಡಗೈಯಿಂದ ಅವನ ತಲೆ ಸವರಿದರು.

"ಫ್ರಿಜ್ಜು ನನಗೆಲ್ಲಿ ತಿಳೀಬೇಕೋ ಮಗನ. ನನಗ ಸಾರು ಬಂದಿರಲಿಲ್ಲ, ಅಷ್ಟ. ಈಗೂ ಬಂದಿಲ್ಲ."