ರೊಟ್ಟಿ ಸಾಲಿನ ಸುದ್ದಿ

“ಗುರುಗಳೇ, ಯುದ್ಧ ನಡೆಯುತ್ತಿರುವಾಗ ನಮ್ಮವರ ತಪ್ಪನ್ನು ನಾವೇ ಊರಿಗೆಲ್ಲ ಸಾರಿದರೆ ಅದು ದ್ರೋಹವಲ್ಲವೇ?” ಎಂದು ಶಿಷ್ಯ ಕೇಳಿದ.

ಅವನು ಪತ್ರಿಕೆಯೊಂದರಲ್ಲಿ ಕೆಲಸ ಮಾಡಿ, ಬೇಸತ್ತು ಮಠಕ್ಕೆ ಬಂದವನು. ಸೋಲು ಗೆಲುವು ತೀರ್ಮಾನವಾಗುವ ತನಕ ಬಾಯಿ ಕಟ್ಟಿಕೊಂಡಿದ್ದರಾಯಿತು, ತಪ್ಪು ಒಪ್ಪು ಆಮೇಲೆ ವಿಚಾರಿಸಬಹುದು ಎಂಬುದು ಅವನ ವಾದ. ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ದೇಶ ಒಡೆದು ಎರಡು ಪಾಲಾಗಿತ್ತು. ಬಯಲು ಸರ್ಕಾರದ ಕೈಯಲ್ಲಿತ್ತು, ಬೆಟ್ಟ ಬಂಡಾಯಗಾರರ ಕೈಯಲ್ಲಿತ್ತು. ಒಂದೇ ಮಾತು ಆಡುವವರು, ಹೆಣ್ಣು ಕೊಟ್ಟು ತಂದು ಮಾಡಿದವರು, ಈಗ ಒಬ್ಬರ ಮೇಲೊಬ್ಬರು ಗುಂಡು ಹಾರಿಸುತ್ತಿದ್ದರು. ಬಯಲಿಗೊಂದು ಟಿವಿ ಇತ್ತು, ಬೆಟ್ಟಕ್ಕೊಂದು ರೇಡಿಯೋ ಇತ್ತು. ಟಿವಿಯಲ್ಲಿ ಬೆಟ್ಟದವರ ಪಾಪ ಮಾತ್ರ ಕಾಣುತ್ತಿತ್ತು. ರೇಡಿಯೋದಲ್ಲಿ ಬಯಲಿನವರ ಪಾಪ ಮಾತ್ರ ಕೇಳುತ್ತಿತ್ತು.

ಬೆಟ್ಟದ ಬುಡದಲ್ಲಿ ಒಂದು ಪೇಟೆ. ಅದು ಒಮ್ಮೆ ಇವರ ವಶ, ಒಮ್ಮೆ ಅವರ ವಶ. ಆ ವಾರ ಮಾತ್ರ ಯಾರ ವಶದಲ್ಲೂ ಇರಲಿಲ್ಲ. ಬಹಳ ದಿನಗಳ ಮೇಲೆ ಹಿಟ್ಟು ಬಂದಿದೆ ಎಂದು ತಿಳಿದು ಜನ ಬೆಳಿಗ್ಗೆಯೇ ರೊಟ್ಟಿ ಅಂಗಡಿಯ ಮುಂದೆ ಸಾಲು ನಿಂತರು. ಆ ಸಾಲಿನ ಮೇಲೆ ಫಿರಂಗಿಯ ಶೆಲ್ ಬಿತ್ತು.

ಮಾರನೆಯ ದಿನ ಸರ್ಕಾರದ ಸೈನ್ಯ ಪೇಟೆಗೆ ಬಂತು. ಬಯಲಿನ ಟಿವಿಯ ವರದಿಗಾರ್ತಿಯೊಬ್ಬಳನ್ನು ಜೊತೆಗೆ ಕರೆತಂದಿತು. ಇದು ಬೆಟ್ಟದವರ ಕೆಲಸ, ಜನರಿಗೆ ತೋರಿಸಿ ಎಂದು ಸೇನಾಧಿಕಾರಿ ಹೇಳಿದ. ಅವಳು ಆ ಮಾತನ್ನು ನಂಬಿಯೇ ಬಂದಿದ್ದಳು. ಆದರೆ ಅಂಗಡಿಯ ಮುಂದೆ ನಿಂತಾಗ ಅವಳಿಗೆ ಕಂಡದ್ದು ಬೇರೆ. ಬೆಟ್ಟದ ಕಡೆಯ ಗೋಡೆಗೆ ಒಂದು ಗೀರೂ ಬಿದ್ದಿರಲಿಲ್ಲ. ಬಯಲಿನ ಕಡೆಯ ಗೋಡೆ ಇರಲೇ ಇಲ್ಲ.

ಅಂಗಡಿಯವಳು ಬದುಕಿ ಉಳಿದಿದ್ದಳು. ಅವಳ ಗಂಡ ಸತ್ತಿದ್ದ. ಶೆಲ್ ಯಾವ ದಿಕ್ಕಿನಿಂದ ಬಂತು ಎಂದು ವರದಿಗಾರ್ತಿ ಮೆಲ್ಲಗೆ ಕೇಳಿದಳು.

“ನೀವು ಬಂದಾಗ ಒಂದು ದಿಕ್ಕು ಹೇಳಬೇಕು, ಅವರು ಬಂದಾಗ ಇನ್ನೊಂದು ದಿಕ್ಕು ಹೇಳಬೇಕು. ನನ್ನನ್ನು ಯಾಕೆ ಕೇಳುತ್ತೀರಮ್ಮ, ನಿಮಗೆ ಕಣ್ಣಿಲ್ಲವೇ?” ಎಂದಳು ಅಂಗಡಿಯವಳು.

ವರದಿಗಾರ್ತಿಯ ತಮ್ಮ ಅದೇ ಸೈನ್ಯದ ಫಿರಂಗಿ ದಳದಲ್ಲಿದ್ದ. ಬಂದ ಸಂದೇಶಗಳನ್ನು ದಳದ ಅಧಿಕಾರಿಗೆ ಮುಟ್ಟಿಸುವುದು ಅವನ ಕೆಲಸ. ಅವಳು ಅವನನ್ನು ಹುಡುಕಿಕೊಂಡು ಹೋದಳು. ಅವನು ಮೊದಲು ಏನೂ ಗೊತ್ತಿಲ್ಲ ಎಂದ. ಆಮೇಲೆ ತಡೆಯಲಾರದೆ ಹೇಳಿದ. ಆ ಅಂಗಡಿಯಲ್ಲಿ ಮದ್ದುಗುಂಡು ಅಡಗಿಸಿದ್ದಾರೆ ಎಂದು ಯಾರೋ ಸುದ್ದಿ ಕೊಟ್ಟಿದ್ದರು. ಆದರೆ ಪೇಟೆಯ ಹತ್ತಿರ ಮುಂಚೂಣಿಯಲ್ಲಿ ಕಾವಲಿದ್ದ ಸೈನಿಕ, ಅಲ್ಲಿ ಬರೀ ಜನ ನಿಂತಿದ್ದಾರೆ ಎಂದು ತಿಳಿಸಿದ್ದ. ತಮ್ಮ ಅದನ್ನು ಅಧಿಕಾರಿಗೆ ಮುಟ್ಟಿಸಿದ್ದ. ಕೇಳಿಯೂ ಅಧಿಕಾರಿ ಹಾರಿಸಿ ಎಂದಿದ್ದ.

“ಅಕ್ಕ, ಇದನ್ನು ಹೇಳಿದರೆ ನನ್ನ ಗತಿ ಏನು?” ಎಂದು ಅವನು ಕೇಳಿದ.

ತಮ್ಮನನ್ನು ಎತ್ತಿ ಆಡಿಸಿದವಳು ಅವಳೇ. ಹೇಳಿದರೆ ತಮ್ಮನಿಗೆ ಅಪಾಯ, ಹೇಳದಿದ್ದರೆ ಇನ್ನೊಂದು ಸಾಲಿನ ಮೇಲೆ ಇದೇ ಅಧಿಕಾರಿಯ ಶೆಲ್. ಕೊನೆಗೆ ಅವಳು ತಮ್ಮನ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಳು. ತನ್ನ ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳುವುದೆಂದು ಮನಸ್ಸು ಗಟ್ಟಿಮಾಡಿಕೊಂಡಳು. ಮತ್ತೆ ಅಂಗಡಿಗೆ ಬಂದು ಕ್ಯಾಮೆರಾದ ಮುಂದೆ ನಿಂತು, ಉಳಿದ ಗೋಡೆಯನ್ನೂ ಇಲ್ಲದ ಗೋಡೆಯ ಜಾಗವನ್ನೂ ತೋರಿಸಿದಳು. “ಶೆಲ್ ನಮ್ಮ ಕಡೆಯಿಂದ ಬಂದಿದೆ. ಹಾರಿಸಿದವರು ಯಾರೆಂದು ಸರ್ಕಾರ ಹೇಳಬೇಕು,” ಎಂದಳು. ನೇರ ಪ್ರಸಾರವಾದ್ದರಿಂದ ಸೈನ್ಯದವರು ತಡೆಯುವ ಮೊದಲೇ ಮಾತು ಮನೆಮನೆ ತಲುಪಿತ್ತು.

ಅವಳ ಕೆಲಸ ಹೋಯಿತು. ನೆರೆಹೊರೆಯವರು ಮುಖ ತಿರುಗಿಸಿದರು. ತಮ್ಮ ಫೋನು ಮಾಡುವುದನ್ನೇ ಬಿಟ್ಟ. ಬೈಗುಳವನ್ನು ಅವಳು ಹೇಗೋ ಸಹಿಸಿದಳು. ಸಹಿಸಲಾಗದ್ದು ಇನ್ನೊಂದಿತ್ತು. ಬೆಟ್ಟದ ರೇಡಿಯೋ ಅವಳ ಮಾತನ್ನು ದಿನವೂ ಹಬ್ಬದ ಕೊಂಬಿನಂತೆ ಊದುತ್ತಿತ್ತು. ಸತ್ತವರಿಗಾಗಿ ಆಡಿದ ಮಾತು ಎದುರಾಳಿಗಳ ತುತ್ತೂರಿಯಾಯಿತಲ್ಲ ಎಂದು ಅವಳು ಕೊರಗಿದಳು. ಸುಮ್ಮನಿದ್ದರೇ ಚೆನ್ನಾಗಿತ್ತೇನೋ ಎಂದು ಅನ್ನಿಸಿದ ದಿನಗಳೂ ಇದ್ದವು.

ಹೀಗೆ ಒಂದು ಮಳೆಗಾಲ ಕಳೆಯಿತು. ಆಗ ಬೆಟ್ಟದ ಪಡೆಯ ನಾಯಕನೊಬ್ಬ, ಶರಣಾದ ಸೈನಿಕರನ್ನು ಒಂದು ಶಾಲೆಯೊಳಗೆ ಕೂಡಿಹಾಕಿ ಬೆಂಕಿ ಇಟ್ಟ. ಬೆಟ್ಟದ ರೇಡಿಯೋ ಅದರ ಬಗ್ಗೆ ತುಟಿ ಪಿಟಕ್ಕೆನ್ನಲಿಲ್ಲ. ಆದರೆ ಹೊಗೆಯನ್ನು ಬೆಟ್ಟದ ಊರುಗಳೆಲ್ಲ ಕಂಡಿದ್ದವು. ಅಲ್ಲಿನ ಹೆಂಗಸರು ಗುಂಪಾಗಿ ರೇಡಿಯೋ ನಿಲಯಕ್ಕೆ ಹೋದರು. ವಾರ್ತೆ ಓದುವ ಮುದುಕನನ್ನು ಹೊರಗೆ ಕರೆದರು.

“ಆ ಹೆಣ್ಣುಮಗಳು ತನ್ನವರ ತಪ್ಪನ್ನು ಬಾಯಿಬಿಟ್ಟು ಹೇಳಿದಳು. ಅವಳು ದೊಡ್ಡವಳು ಎಂದು ನೀನೇ ನಮಗೆ ದಿನಾ ಹೇಳಿದೆ. ನಾವು ಅದನ್ನು ನಂಬಿದ್ದೇವೆ. ಈಗ ನಿನ್ನ ಸರದಿ,” ಎಂದರು.

ಮುದುಕ ಒಳಗೆ ಹೋದ. ಸ್ವಲ್ಪ ಹೊತ್ತು ಹಾಡು ಬರುತ್ತಿತ್ತು. ಆಮೇಲೆ ಹಾಡು ನಿಂತಿತು. ಶಾಲೆಗೆ ಬೆಂಕಿ ಇಟ್ಟವರು ನಮ್ಮವರು ಎಂದು ಅವನು ಓದಿದ. ನಾಯಕನ ಹೆಸರನ್ನೂ ಓದಿದ. ಬಯಲಿನಲ್ಲಿ ತನ್ನ ಅಡುಗೆಮನೆಯಲ್ಲಿ ಕೂತು ಅದನ್ನು ಕೇಳಿದ ವರದಿಗಾರ್ತಿ, ಸೌಟನ್ನು ಕೆಳಗಿಟ್ಟು, ಕೆಲಸ ಕಳೆದುಕೊಂಡ ಮೇಲೆ ಮೊದಲ ಸಲ ಮನಬಿಚ್ಚಿ ಅತ್ತಳು.

ಯುದ್ಧ ಅಂದೇ ನಿಲ್ಲಲಿಲ್ಲ. ಮುಂದೆ ಎರಡೂ ಕಡೆಯವರು ದಣಿದು ಮಾತುಕತೆಗೆ ಕೂತಾಗ ಬೇರೆ ಯಾವ ವಿಷಯದಲ್ಲೂ ಒಮ್ಮತ ಬರಲಿಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಸುಳ್ಳೆಂದರು. ಯಾರೂ ಸುಳ್ಳೆನ್ನಲಾಗದ ಸಂಗತಿಗಳು ಎರಡೇ ಇದ್ದವು: ರೊಟ್ಟಿ ಅಂಗಡಿಯ ಶೆಲ್, ಶಾಲೆಯ ಬೆಂಕಿ. ವಿಚಾರಣೆ ಅಲ್ಲಿಂದಲೇ ಆರಂಭವಾಗಲಿ ಎಂದು ಒಪ್ಪಿಕೊಂಡರು.

ವಿಚಾರಣೆಯ ಹಿಂದಿನ ಸಂಜೆ ತಮ್ಮ ಅಕ್ಕನ ಬಾಗಿಲಿಗೆ ಬಂದು ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. ನಾಳೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುತ್ತೇನೆ, ಒಬ್ಬನೇ ಹೋಗಲು ಕಾಲು ಬರುತ್ತಿಲ್ಲ, ಜೊತೆಗೆ ಬರುತ್ತೀಯಾ ಎಂದು ಕೇಳಿದ. ಅವಳು ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಊಟಕ್ಕೆ ಕೂರಿಸಿದಳು.

ಮಾರನೆಯ ದಿನ ಅವನು ನಿಂತು ನಡೆದದ್ದನ್ನೆಲ್ಲ ಹೇಳಿದ. ಅಂಗಡಿಯವಳೂ ಬಂದು, ಈ ಸಲ ದಿಕ್ಕನ್ನು ಬೆರಳು ಮಾಡಿ ತೋರಿಸಿದಳು. ಅಧಿಕಾರಿಗೆ ಶಿಕ್ಷೆಯಾಯಿತು. ಬೆಟ್ಟದ ನಾಯಕನಿಗೂ ಆಯಿತು. ತಪ್ಪಿಸಿಕೊಂಡವರು ಬಹಳ ಮಂದಿ, ಅದು ನಿಜ. ಆದರೆ ಆಮೇಲೆ ಆ ದೇಶದಲ್ಲಿ ಫಿರಂಗಿಯ ಪಕ್ಕ ನಿಂತ ಎಷ್ಟೋ ಅಧಿಕಾರಿಗಳು, ಅಲ್ಲಿ ನಿಂತಿರುವವರು ಯಾರು ಎಂದು ಇನ್ನೊಮ್ಮೆ ಕೇಳುವುದನ್ನು ಕಲಿತರು. ಹಾಗೆ ಕೇಳಿದ್ದರಿಂದ ಬದುಕಿದವರಿಗೆ ತಾವು ಬದುಕಿದ್ದು ಹೇಗೆಂದು ಗೊತ್ತೇ ಆಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಆಗ ಅವನಿಗೆ ಏನೋ ಹೊಳೆದಂತಾಯಿತು.

“ಗುರುಗಳೇ, ಆ ಸಾಲಿನಲ್ಲಿ ಸತ್ತವರು ಯಾವ ಕಡೆಯವರು ಎಂದು ತಾವು ಹೇಳಲೇ ಇಲ್ಲ,” ಎಂದ.

ಗುರುಗಳೆಂದರು: “ಕತೆ ಮುಗಿಯುವ ತನಕ ನಿನಗೆ ಅದು ಬೇಕಾಗಿರಲಿಲ್ಲವಲ್ಲ.”