ಅರವಟ್ಟಿಗೆಯ ಕೊಳವೆ

"ಗುರುಗಳೇ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂದು ದಿನವೂ ಬೋಧಿಸುತ್ತೀರಿ. ಅವನಿಗೆ ಬೇಕಾದದ್ದನ್ನು ಕೊಟ್ಟರೆ ಸಾಲದೆ? ಅವನನ್ನು ಮುಟ್ಟಲೂ ಬೇಕೆ?" ಎಂದು ಶಿಷ್ಯನೊಬ್ಬ ಕೇಳಿದ.

ಅಂದು ಬೆಳಿಗ್ಗೆ ಅವನು ಊರ ಹೊರಗಿನ ಕೇರಿಗೆ ಅಕ್ಕಿ ಹಂಚಲು ಹೋಗಿದ್ದ. ಚೀಲಗಳನ್ನು ಕೇರಿಯ ಬಾಯಲ್ಲೇ ಇಳಿಸಿ, ಕೂಗಿ ಹೇಳಿ, ಒಳಗೆ ಕಾಲಿಡದೆ ಮರಳಿದ್ದ. ಗುರುಗಳಿಗೆ ಅದು ತಿಳಿದಿತ್ತು. ಕೂತುಕೋ, ಒಂದು ಕತೆ ಹೇಳುತ್ತೇನೆ, ನಿನಗದು ಹಿತವಾಗಲಾರದು ಎಂದು ಅವರು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನ ತಾತನ ಕಾಲದಲ್ಲೇ ಮನೆಯವರೆಲ್ಲ ಕ್ರೈಸ್ತರಾಗಿದ್ದರು. ದೇವರನ್ನು ಬದಲಿಸಿದರು, ಜಾತಿಯನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. ಉಪವಾಸದ ದಿನಗಳು ಬಂದಾಗ ವ್ಯಾಪಾರಿ ದಾರಿಯ ಪಕ್ಕ ಅರವಟ್ಟಿಗೆ ಇಡಿಸಿದ. ಚಪ್ಪರದ ಮೇಲೆ ಶಿಲುಬೆ ನಿಲ್ಲಿಸಿದ. ಕುಡಿಯುವ ನೀರಿಗೆ ಲಾವಂಚ ಹಾಕಿಸಿದ. ಮೇಲ್ಜಾತಿಯವರಿಗೆ ಚೊಂಬಿನಲ್ಲಿ ನೀರು. ಕೇರಿಯವರಿಗೆ ಚಪ್ಪರದಿಂದ ಹೊರಕ್ಕೆ ಚಾಚಿದ ಒಂದು ಬಿದಿರಿನ ಕೊಳವೆ. ಅದರ ತುದಿಯಲ್ಲಿ ಅವರು ಬಗ್ಗಿ ಬೊಗಸೆ ಒಡ್ಡಬೇಕು, ಆಳು ಈ ತುದಿಯಿಂದ ಹೊಯ್ಯುತ್ತಾನೆ. ಆ ಕೇರಿಯವರೂ ಅದೇ ಚರ್ಚಿಗೆ ಬರುವವರು, ಅದೇ ದೇವರಿಗೆ ಮೊಣಕಾಲೂರುವವರು. ನೀರು ಎಲ್ಲರಿಗೂ ಒಂದೇ, ಯಾರಿಗೂ ಇಲ್ಲ ಎಂದವನಲ್ಲ ನಾನು ಎಂದು ವ್ಯಾಪಾರಿ ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದ. ನಾಚಿಕೆಗೆಟ್ಟವನು.

ಒಂದು ಮಧ್ಯಾಹ್ನ ಕೇರಿಯ ಮುದುಕನೊಬ್ಬ ಮಗಳ ಊರಿನಿಂದ ಬಿಸಿಲಲ್ಲಿ ನಡೆದು ಬಂದ. ಕೊಳವೆಯ ತುದಿ ಇನ್ನೊಂದು ಮಾರು ದೂರ ಇರುವಾಗಲೇ ಕುಸಿದು ಬಿದ್ದ. ಬಾಯಿ ತೆರೆದ, ಮಾತು ಹೊರಡಲಿಲ್ಲ. ಆಳು ಕೊಳವೆಗೆ ನೀರು ಹೊಯ್ದ. ನೀರು ಅವನ ಕಣ್ಣೆದುರಿಗೇ ಮಣ್ಣಿಗೆ ಬಿತ್ತು. ವ್ಯಾಪಾರಿಯೂ ಆಗ ಅಲ್ಲೇ ಇದ್ದ. ಎದ್ದು ಹತ್ತಿರ ಬಾ ಎಂದು ಇಬ್ಬರೂ ಕೂಗಿದರು. ಏಳಲಾಗುವವನು ಬೀಳುತ್ತಿದ್ದನೆ?

ವ್ಯಾಪಾರಿಗೆ ಮರುಕವಾಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ, ಅವನ ಕಣ್ಣೂ ತುಂಬಿ ಬಂತು. ಆದರೆ ಅವನು ಚೊಂಬು ಎತ್ತಿಕೊಳ್ಳಲಿಲ್ಲ. ಆಳನ್ನು ಕರೆದು, "ಬುಟ್ಟಿ ಹೆಣೆಯೋರ ಹತ್ರ ಓಡು. ಇನ್ನೂ ಉದ್ದದ ಬಿದಿರು ತರಿಸು" ಎಂದ.

ಇದನ್ನು ಹೇಳುವಾಗ ನನಗೆ ಮೈಯೆಲ್ಲ ಉರಿಯುತ್ತದೆ. ತುಂಬಿದ ಮಡಕೆ ಪಕ್ಕದಲ್ಲೇ ಇದೆ. ಕೈ ನೆಟ್ಟಗಿದೆ, ಕಾಲು ನೆಟ್ಟಗಿದೆ. ಅವನು ಬಿದಿರಿಗೆ ಕಾಯುತ್ತ ಕೂತ. ಕೂತು, ಆ ಮುದುಕನಿಗಾಗಿ ಪ್ರಾರ್ಥನೆಯನ್ನೂ ಮಾಡಿದ.

ಬಿದಿರನ್ನು ಹೊತ್ತು ತಂದವಳು ಬುಟ್ಟಿ ಹೆಣೆಯುವ ಒಬ್ಬ ಹೆಂಗಸು. ಬಿದ್ದವನನ್ನು ಕಂಡದ್ದೇ ಅದನ್ನು ಎಸೆದು, ಚಪ್ಪರದೊಳಗೆ ನುಗ್ಗಿ ಚೊಂಬು ತುಂಬಿಕೊಂಡಳು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಮುದುಕನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕುಡಿಯಪ್ಪ, ನಾನಿದೀನಿ" ಎಂದಳು. ಅವನು ಒಂದು ಗುಟುಕು ನುಂಗಿದ. ಇನ್ನೊಂದು ಗಂಟಲಲ್ಲಿ ಇಳಿಯಲಿಲ್ಲ. ಅವಳ ತೊಡೆಯ ಮೇಲೆಯೇ ಪ್ರಾಣ ಬಿಟ್ಟ.

ವ್ಯಾಪಾರಿ ಅವಳನ್ನು ಬಾಯಿಗೆ ಬಂದಂತೆ ಬೈದು, ಚೊಂಬನ್ನು ಬೆಂಕಿಗೆ ಹಿಡಿಸಿ ಶುದ್ಧಮಾಡಿಸಿದ. ಇನ್ನು ಮುಂದೆ ಯಾರೂ ಹೀಗೆ ಸಾಯಬಾರದೆಂದು ಆ ಉದ್ದದ ಬಿದಿರನ್ನೇ ಕೊಳವೆ ಮಾಡಿ ಕಟ್ಟಿಸಿದ. ಭಾನುವಾರ ಚರ್ಚಿನಲ್ಲಿ ಅವನ ದಯೆಯನ್ನು ಹೊಗಳಿದರು. ಹೊಗಳಿದವರಲ್ಲಿ ಒಬ್ಬನ ನಾಲಿಗೆಯೂ ತಡವರಿಸಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಶಿಷ್ಯನಿಗೆ ತಲೆ ಎತ್ತಲಾಗಲಿಲ್ಲ. ಆದರೂ ಮೆಲ್ಲಗೆ, "ಅವನಿಗೆ ನೀರು ಕೊಡುವ ಮನಸ್ಸಂತೂ ಇತ್ತಲ್ಲ, ಗುರುಗಳೇ" ಎಂದ.

"ಯೇಸುಸ್ವಾಮಿ ಶಿಲುಬೆಯ ಮೇಲೆ ಬಾಯಾರಿಕೆ ಎಂದಾಗ, ಕೊಂದವರಿಗೂ ಕೊಡುವ ಮನಸ್ಸಿತ್ತು, ಹುಳಿರಸದಲ್ಲಿ ಅದ್ದಿದ ಸ್ಪಂಜು ಸಿಕ್ಕಿಸಿ ಕೋಲಿನ ತುದಿಯಿಂದ ಕೊಟ್ಟರು" ಎಂದರು ಗುರುಗಳು.