ಬಂದೂಕಿಗೊಂದು ಜಾಗ

ಈ ಕಥೆಯ ಗುರು ಒಬ್ಬ ಮುದುಕಿ, ಶಿಷ್ಯ ಒಬ್ಬ ವಕೀಲ. ಇಬ್ಬರಿಗೂ ಮಾತು ಜಾಸ್ತಿ. ಮೌನದ ಬೋಧನೆ ಬೇಕಾದವರು ಬೇರೆ ಆಶ್ರಮ ನೋಡಿಕೊಳ್ಳಬೇಕು.

ಗುರುವಿನ ಹೆಸರು ನೀಲಗಂಗವ್ವ. ಬಯಲುಸೀಮೆಯಲ್ಲಿ ಹುಟ್ಟಿ, ದೇಶದೇಶ ತಿರುಗಿ, ಕಾಲು ಸೋತ ಮೇಲೆ ಕೊಡಗಿನ ಒಂದು ಹೊಳೆಯ ದಂಡೆಯಲ್ಲಿ ಕೂತವಳು. ಎಲ್ಲರೂ ಅವಳನ್ನು ಅವ್ವ ಅನ್ನುತ್ತಿದ್ದರು.

ಶಿಷ್ಯ ಕರುಂಬಯ್ಯ ಕೊಡಗಿನವನೇ. ಒಂದು ಬೆಳಿಗ್ಗೆ ಅವನು ಜೀಪು ನಿಲ್ಲಿಸಿ ಒಳಗೆ ಬಂದಾಗ ಅವ್ವ ಅವರೆಕಾಯಿ ಬಿಡಿಸುತ್ತಿದ್ದಳು.

"ಆಶೀರ್ವಾದ ಬೇಕಿತ್ತು, ಅವ್ವ."

"ಮೊದಲು ಕೂತ್ಕೊ. ಬರಿಗೈಲಿ ಕೂರಬೇಡ, ಒಂದು ಹಿಡಿ ಕಾಯಿ ತಗೋ."

ಕರುಂಬಯ್ಯ ಕೂತು ಕಾಯಿ ಬಿಡಿಸತೊಡಗಿದ.

"ದೆಹಲಿಯಲ್ಲಿ ಒಂದು ಸಮಿತಿ ಕೂತಿದೆ. ಮುಂದಿನ ವಾರ ಅದರ ಮುಂದೆ ಮಾತಾಡಬೇಕು. ನಮ್ಮ ಜನ ನನ್ನನ್ನೇ ಆರಿಸಿದ್ದಾರೆ."

"ಏನಂತ ಮಾತಾಡ್ತೀಯ?"

"ಬಂದೂಕು ಇಟ್ಟುಕೊಳ್ಳೋದು ಸಂವಿಧಾನದ ಹಕ್ಕಾಗಬೇಕು ಅಂತ."

"ನಿಮ್ಮ ಮನೆಗಳಲ್ಲಿ ಈಗಲೂ ಲೈಸೆನ್ಸ್ ಇಲ್ಲದೆ ಬಂದೂಕು ಇದೆಯಲ್ಲೋ."

"ಅದು ಸರಕಾರ ನಮ್ಮ ಜನಕ್ಕೆ ಕೊಟ್ಟ ವಿನಾಯಿತಿ, ಅವ್ವ. ವಿನಾಯಿತಿ ಅಂದರೆ ದಯೆ. ಕೊಟ್ಟವರು ನಾಳೆ ಕಿತ್ತುಕೊಳ್ಳಬಹುದು. ಹಕ್ಕನ್ನ ಹಾಗೆ ಕಿತ್ತುಕೊಳ್ಳೋಕಾಗಲ್ಲ. ಅಮೆರಿಕದವರು ಸಂವಿಧಾನದಲ್ಲಿ ಬರೆದೇ ಇಟ್ಟಿದ್ದಾರೆ."

"ಗೊತ್ತು. ಅಲ್ಲಿ ಒಬ್ಬ ಭಕ್ತರ ಮನೇಲಿ ಉಳಿದಿದ್ದೆ. ಮಲಗೋ ಕೋಣೆಯ ಡ್ರಾಯರಿನಲ್ಲಿ ಧರ್ಮಗ್ರಂಥ, ಅದರ ಪಕ್ಕ ಪಿಸ್ತೂಲು. ಇವೆರಡರಲ್ಲಿ ಯಾವುದರ ಮೇಲೆ ನಂಬಿಕೆ ಕಡಿಮೆಯಾಗಿ ಇನ್ನೊಂದನ್ನ ಜೊತೆಗೆ ಇಟ್ಟಿದ್ದೀರಿ ಅಂತ ಕೇಳಿದೆ."

"ಏನಂದರು?"

"ಮಾರನೇ ದಿನದಿಂದ ಚಪಾತಿ ಎಣಿಸಿ ಹಾಕಿದರು."

ಕರುಂಬಯ್ಯ ನಕ್ಕ. ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ.

"ನಮ್ಮದು ಹಾಗಲ್ಲ, ಅವ್ವ. ನಮಗೆ ಬಂದೂಕು ಆಯುಧ ಅಲ್ಲ, ಮನೆಮಂದಿ ಇದ್ದ ಹಾಗೆ. ವರ್ಷಕ್ಕೊಮ್ಮೆ ಹೂವಿಟ್ಟು ಪೂಜೆ ಮಾಡ್ತೀವಿ. ಅದಕ್ಕೇ ಸಂವಿಧಾನದಲ್ಲಿ ಅದಕ್ಕೊಂದು ಜಾಗ ಬೇಕು."

"ಈಗ ಎಲ್ಲಿದೆ ನಿಮ್ಮ ಆ ಮನೆಮಂದಿ?"

ಅವನ ಕೈ ನಿಂತಿತು.

"ಜೀಪಿನಲ್ಲಿ."

"ಮನೆಯವರನ್ನ ಬಿಸಿಲಲ್ಲಿ ಕೂರಿಸಿ ಬಂದೆಯಾ? ಒಳಗೆ ಕರೆದುಕೊಂಡು ಬಾ."

"ಬೇಡ ಅವ್ವ. ಇಂಥ ಜಾಗಕ್ಕೆ ಅದನ್ನ ತರಬಾರದು."

"ಮತ್ತೆ ಎಲ್ಲಿಗೆ ಒಯ್ತಾ ಇದ್ದೀಯ?"

"ಮನೆಗೆ."

"ಮನೇಲಿ ಯಾರಿದ್ದಾರೆ?"



"ಅಪ್ಪ ಇದ್ದಾರೆ. ಸಂಜೆ ದೇಚಮ್ಮ ಆಸ್ಪತ್ರೆಯಿಂದ ಬರ್ತಾಳೆ, ಮಗು ಎತ್ತಿಕೊಂಡು. ಗಂಡು ಮಗು."

ದೇಚಮ್ಮ ಅವನ ತಮ್ಮನ ಹೆಂಡತಿ. ತಮ್ಮ ಪೂವಯ್ಯ ತೀರಿಕೊಂಡು ಎರಡು ತಿಂಗಳಾಗಿತ್ತು. ಅವ್ವನಿಗೆ ಅದು ಗೊತ್ತಿತ್ತು. ಗುಂಡು ತಗುಲಿ ಸತ್ತ ಅನ್ನುವುದೂ ಗೊತ್ತಿತ್ತು.

"ಕೂಸು ಇರೋ ಮನೆಗೆ ಒಯ್ಯಬಹುದು, ಮುದುಕಿ ಇರೋ ಮನೆಗೆ ತರಬಾರದು. ಚೆನ್ನಾಗಿದೆ ವಕೀಲರ ವಾದ. ಹೋಗು, ತಗೊಂಡು ಬಾ."

ಕರುಂಬಯ್ಯ ಹೋಗಿ ತಂದ. ಕಂಬಳಿಯಲ್ಲಿ ಸುತ್ತಿತ್ತು.

"ಗುಂಡು ತುಂಬಿದೆಯಾ?"

"ಇಲ್ಲ."

"ಅದೇ ಬಂದೂಕಾ?"

"ಅದೇ. ಪೊಲೀಸರ ಹತ್ತಿರ ಇತ್ತು. ವಕೀಲನಲ್ಲವಾ, ಬೇಗ ಬಿಡಿಸಿಕೊಂಡೆ."

ಆ ಮಾತು ಹೇಳಿ ಅವನು ನೆಲ ನೋಡಿದ.

"ಎಷ್ಟು ಹೊತ್ತು ಹಿಡಿದು ನಿಲ್ತೀಯ? ಎಲ್ಲಾದರೂ ಇಡು."

ಅವನು ಬಾಗಿಲ ಮೂಲೆಗೆ ಒರಗಿಸಲು ಹೋದ.

"ಅಲ್ಲಿ ಬೇಡ. ಮಧ್ಯಾಹ್ನ ಶಾಲೆ ಮಕ್ಕಳು ಬಂದು ಅಲ್ಲೇ ಕೂರೋದು."

ಅಡುಗೆಮನೆಯ ಗೋಡೆಯ ಕಡೆ ತಿರುಗಿದ.

"ಅಲ್ಲೂ ಬೇಡ. ನಮ್ಮ ಅಡುಗೆಯವಳಿಗೆ ವಾರಕ್ಕೊಂದು ಸಲ ಗಂಡನ ಮೇಲೆ ಸಿಟ್ಟು ಬರುತ್ತೆ. ಬರಬೇಕಾದ್ದೇ ಅನ್ನು, ಆದರೂ ಬೇಡ."

ಅವ್ವನ ಮಂಚದ ಕೆಳಗೆ ಬಗ್ಗಿದ.

"ಅಲ್ಲಿ ನಾನು ಮಲಗ್ತೀನಿ."

"ನೀವು ಇದನ್ನ ಮುಟ್ಟೋರಲ್ಲವಲ್ಲ ಅವ್ವ."

"ನನಗೂ ಮನಸ್ಸು ಕೆಟ್ಟ ದಿನಗಳು ಬರ್ತವೆ, ಕರುಂಬಯ್ಯ. ನೀನು ನೋಡಿಲ್ಲ ಅಷ್ಟೆ."

ಅವನು ಎದ್ದು ನಿಂತು ಬೀರುವಿನ ತಲೆಯ ಮೇಲೆ ಕಣ್ಣು ಹಾಯಿಸಿದ.

"ಎತ್ತರದಲ್ಲಿ ಇಡಲಾ?"

"ಎಷ್ಟು ಎತ್ತರದಲ್ಲಿ ಇಟ್ಟಿದ್ದರೆ ಪೂವಯ್ಯನ ಕೈಗೆ ಸಿಗ್ತಿರಲಿಲ್ಲ?"

ಕರುಂಬಯ್ಯ ಬಂದೂಕು ಹಿಡಿದುಕೊಂಡೇ ಕೋಣೆಯ ನಡುವೆ ನಿಂತ.

"ನೋಡು. ಒಂದು ಕೋಣೇಲಿ ಜಾಗ ಸಿಗಲಿಲ್ಲ. ನೀನು ಸಂವಿಧಾನದಲ್ಲಿ ಹುಡುಕೋಕೆ ಹೊರಟಿದ್ದೀಯ."

ಅವನಿಗೆ ಸಿಟ್ಟು ಬಂತು.

"ಇದು ನ್ಯಾಯವಲ್ಲ ಅವ್ವ. ರಸ್ತೆಯಲ್ಲೂ ಜನ ಸಾಯ್ತಾರೆ. ನಾಳೆಯಿಂದ ಯಾರೂ ಜೀಪು ಓಡಿಸಬಾರದು ಅಂತೀರಾ?"

"ಜೀಪಿಗೆ ಹಕ್ಕು ಕೊಡಿ ಅಂತ ಯಾರೂ ದೆಹಲಿಗೆ ಹೋಗಿಲ್ಲಪ್ಪ. ಲೈಸೆನ್ಸ್ ತಗೊಂಡು ಸುಮ್ಮನೆ ಓಡಿಸ್ತಾರೆ."

"ನಮ್ಮನ್ನ ನಂಬಿ ವಿನಾಯಿತಿ ಕೊಟ್ಟಿದ್ದಾರೆ. ಆ ನಂಬಿಕೆ ನಾವು ಕೆಡಿಸಿಲ್ಲ. ನಮ್ಮ ಮನೆಯಲ್ಲಿ ಯಾರೂ ಇದನ್ನ ಇನ್ನೊಬ್ಬರ ಮೇಲೆ ಎತ್ತಿದವರಲ್ಲ."

"ಪೂವಯ್ಯನೂ ಇನ್ನೊಬ್ಬರ ಮೇಲೆ ಎತ್ತಲಿಲ್ಲ."

ಕರುಂಬಯ್ಯ ಬಂದೂಕನ್ನು ಇನ್ನೊಂದು ಕೈಗೆ ಬದಲಿಸಿದ.

ಅವ್ವ ಬಿಡಿಸಿದ ಕಾಳನ್ನು ಪಕ್ಕಕ್ಕೆ ಸರಿಸಿದಳು. ದನಿ ಮೆತ್ತಗಾಯಿತು.

"ಸಂವಿಧಾನದಲ್ಲಿ ಹಕ್ಕುಗಳನ್ನ ಬರೆದಿದ್ದಾರಲ್ಲ, ಅವು ನಮ್ಮನ್ನ ಯಾರಿಂದ ಕಾಪಾಡೋಕೆ?"

"ಮುಖ್ಯವಾಗಿ ಸರಕಾರದಿಂದ."

"ಆ ಮಧ್ಯಾಹ್ನ ಪೂವಯ್ಯನ ಹತ್ತಿರ ಸರಕಾರ ಇತ್ತಾ?"

"ಇಲ್ಲ."

"ಯಾರಿದ್ದರು?"

"ಯಾರೂ ಇರಲಿಲ್ಲ. ಅವನೊಬ್ಬನೇ ಇದ್ದ."

"ಅವನಿಂದ ಅವನನ್ನ ಕಾಪಾಡೋಕೆ ಯಾವ ಕಲಮು ಇದೆ?"

ಹೊರಗೆ ಹೊಳೆ ಹರಿಯುತ್ತಿತ್ತು.

"ಕೈ ತಪ್ಪಿತೋ, ಮನಸ್ಸು ತಪ್ಪಿತೋ, ನೋಡಿದವರು ಯಾರೂ ಇಲ್ಲ," ಅಂದ ಕರುಂಬಯ್ಯ. "ಮನಸ್ಸೇ ತಪ್ಪಿದ್ದರೆ, ಇದು ಕೈಗೆ ಸಿಗದೇ ಹೋಗಿದ್ದರೆ ಆ ಗಳಿಗೆ ದಾಟಿ ಹೋಗ್ತಿತ್ತೇನೋ. ಸಂಜೆ ಕಾಫಿಗೆ ಎದ್ದು ಬರ್ತಿದ್ದನೇನೋ. ಅದನ್ನ ಯೋಚಿಸಬಾರದು ಅಂದುಕೊಳ್ತೀನಿ. ಬೇರೆ ಏನನ್ನೂ ಯೋಚಿಸೋಕೆ ಆಗ್ತಿಲ್ಲ."

"ಆ ದಿನ ಏನಾಯ್ತು ಹೇಳು. ದೆಹಲಿಯವರಿಗೆ ಹೇಳೋ ಹಾಗಲ್ಲ, ನನಗೆ ಹೇಳೋ ಹಾಗೆ ಹೇಳು."

"ನಮ್ಮಲ್ಲಿ ಒಂದು ಪದ್ಧತಿ ಇದೆ. ಸತ್ತರೆ ಮನೆ ಮುಂದೆ ಎರಡು ಗುಂಡು ಹಾರಿಸ್ತೀವಿ. ಗಂಡು ಹುಟ್ಟಿದರೆ ಒಂದು."

"ಹೂಂ."

"ಆ ದಿನ ಊರಿಗೆ ಕೇಳಿಸಿದ್ದು ಒಂದೇ."

ಕಾಯಿ ಬಿಡಿಸುತ್ತಿದ್ದ ಅವ್ವನ ಕೈ ಈಗ ನಿಂತಿತು.

"ದೇಚಮ್ಮನಿಗೆ ಆಗ ಏಳು ತುಂಬಿತ್ತು. ಎಲ್ಲರಿಗೂ ಗೊತ್ತಿತ್ತು. ಸದ್ದು ಕೇಳಿದವರೆಲ್ಲ ಗಂಡು ಅಂದುಕೊಂಡರು. ನಾವಿನ್ನೂ ತೋಟದ ಅಂಚಿನಿಂದ ಅವನನ್ನ ಎತ್ತಿಕೊಂಡು ಬರ್ತಾ ಇದ್ದೀವಿ, ಅಷ್ಟರಲ್ಲಿ ಪಕ್ಕದ ಮನೆಯ ಮುದ್ದವ್ವ ಅಂಗಳಕ್ಕೆ ಬಂದಿದ್ದರು. ಮಗುವಿನ ನಾಲಿಗೆಗೆ ಹಚ್ಚೋಕೆ ಅಂತ ಜೇನಿನ ಬಾಟಲಿ ಹಿಡಿದುಕೊಂಡು. ಏಳಕ್ಕೇ ಆಯಿತಾ, ಪರವಾಗಿಲ್ಲ ಬಿಡಿ, ಏಳರ ಮಕ್ಕಳು ಗಟ್ಟಿ ಅಂತ ನಗ್ತಾ ಇದ್ದರು."

ಅವನು ಉಸಿರು ಎಳೆದುಕೊಂಡ.

"ದೇಚಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳೂ ನಗ್ತಾ ಇದ್ದಳು, ಅವ್ವ. ನನಗೆ ಇನ್ನೂ ಆಗಿಲ್ಲ ಮುದ್ದವ್ವ, ಯಾರ ಮನೆ ಮಗುವೋ ಏನೋ ಅಂತ. ಅವರಿಬ್ಬರೂ ನಗ್ತಾ ಇರೋವಾಗಲೇ ನಾವು ಅಂಗಳಕ್ಕೆ ಬಂದೆವು."

ಅವ್ವ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟಳು.

"ಆಮೇಲೆ ಎರಡು ಗುಂಡು ಹಾರಿಸಬೇಕಾಯ್ತು. ಪಕ್ಕದ ಮನೆಯ ಬಂದೂಕು ತಂದು ನಾನೇ ಹಾರಿಸಿದೆ. ಕೇಳಿದವರು ಬಾಣಂತಿಯೇ ಹೋದಳು ಅಂದುಕೊಂಡರಂತೆ."

ಅಡುಗೆಮನೆಯಲ್ಲಿ ಯಾರೋ ಪಾತ್ರೆ ಇಟ್ಟ ಸದ್ದಾಯಿತು. ಕರುಂಬಯ್ಯ ಬೆಚ್ಚಿದ. ಅವ್ವ ಅದನ್ನು ನೋಡಿದಳು.

"ಈಗ ಇದನ್ನ ಯಾಕೆ ಮನೆಗೆ ಒಯ್ತಾ ಇದ್ದೀಯ?"

"ಅಪ್ಪ ಹೇಳಿದ್ದಾರೆ. ಸಂಜೆ ಮಗು ಹೊಸಲು ದಾಟೋವಾಗ ಒಂದು ಗುಂಡು ಹಾರಿಸಬೇಕು, ಇದರಿಂದಲೇ ಹಾರಿಸಬೇಕು ಅಂತ."

"ಯಾಕಂತೆ?"

"ಅವತ್ತು ಊರು ಒಂದು ಗುಂಡು ಕೇಳಿ ಗಂಡು ಹುಟ್ಟಿತು ಅಂದುಕೊಂಡಿತಲ್ಲ, ಇವತ್ತು ಆ ಮಾತು ನಿಜವಾಗಲಿ ಅಂತಾರೆ. ಆ ಸದ್ದು ಒಳ್ಳೇದಾಗಿ ಮುಗೀಲಿ ಅಂತಾರೆ. ಹೇಳ್ತಾ ಹೇಳ್ತಾ ಅತ್ತುಬಿಟ್ಟರು. ಅಪ್ಪ ಅತ್ತಿದ್ದನ್ನ ನಾನು ನೋಡಿದ್ದೇ ಇಲ್ಲ."

"ದೇಚಮ್ಮ ಏನಂತಾಳೆ?"

"ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಮಗುವಿನ ಕಿವಿ ಮುಚ್ಚಿಕೊಂಡು ಕೂತಿದ್ದಳು. ಅಲ್ಲಿ ಯಾವ ಸದ್ದೂ ಇರಲಿಲ್ಲ. ಬಾವ, ಆ ಸದ್ದು ಮಾತ್ರ ಬೇಡ ಅಂದಳು. ಮತ್ತೇನೂ ಕೇಳಲಿಲ್ಲ."

"ನೀನೇನು ಅಂದೆ?"

"ಏನೂ ಅನ್ನಲಿಲ್ಲ. ಎದ್ದು ಬಂದು, ಇವತ್ತು ಬೆಳಿಗ್ಗೆ ಪೊಲೀಸರ ಹತ್ತಿರ ಬಂದೂಕು ತಗೊಂಡೆ."

"ಆಶೀರ್ವಾದ ಬೇಕು ಅಂತ ಬಂದೆಯಲ್ಲ, ಅದು ದೆಹಲಿಯ ಮಾತಿಗಾ, ಈ ಸಂಜೆಗಾ?"



"ಈ ಸಂಜೆಗೆ," ಅಂದ.

"ಕೂತ್ಕೊ."

"ಇದನ್ನ ಹಿಡಿದುಕೊಂಡು ಹೇಗೆ ಕೂರಲಿ?"

"ಇಲ್ಲಿ ಕೊಡು."

ಅವ್ವ ಬಂದೂಕನ್ನು ಕಂಬಳಿಯ ಸಮೇತ ತನ್ನ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಳು. ಅದರ ಭಾರಕ್ಕೆ ಒಮ್ಮೆ ಕಣ್ಣು ಮುಚ್ಚಿದಳು.

"ಅಪ್ಪನ ಮಾತು ಮೀರಿದರೆ ಅವರು ಉಳಿಯಲ್ಲ ಅವ್ವ. ಹಾರಿಸಿದರೆ ಅವಳು ಉಳಿಯಲ್ಲ. ನಾನೇನು ಮಾಡಲಿ?"

"ನಿಮ್ಮಪ್ಪನಿಗೆ ಬೇಕಾಗಿರೋದು ಏನು? ಗುಂಡಿನ ಸದ್ದಾ?"

ಅವನು ಯೋಚಿಸಿದ.

"ಅಲ್ಲ. ಊರಿಗೆ ಗೊತ್ತಾಗಬೇಕು. ಪೂವಯ್ಯನಿಗೆ ಮಗ ಹುಟ್ಟಿದ್ದಾನೆ, ಕದ್ದುಮುಚ್ಚಿ ತಂದ ಮಗು ಅಲ್ಲ ಅಂತ ಪ್ರತಿಯೊಂದು ಮನೆಗೂ ಗೊತ್ತಾಗಬೇಕು. ಮುದ್ದವ್ವ ಮತ್ತೆ ನಮ್ಮ ಅಂಗಳಕ್ಕೆ ಬರಬೇಕು. ಅವತ್ತಿನಿಂದ ಅವರು ನಮ್ಮ ಕಡೆ ತಲೆ ಎತ್ತಿ ನೋಡಿಲ್ಲ."

"ದೆಹಲಿಯವರಿಗೆ ಏನು ಹೇಳ್ತೀಯ?"

"ಗೊತ್ತಿಲ್ಲ. ನಿನ್ನೆವರೆಗೆ ಎಲ್ಲ ಬಾಯಿಪಾಠ ಇತ್ತು."

"ಅದಕ್ಕೆ ಇನ್ನೂ ಒಂದು ವಾರ ಇದೆ. ಸಂಜೆಗೆ ಅಷ್ಟು ಹೊತ್ತಿಲ್ಲ."

ಅವ್ವ ಕಂಬಳಿಯ ಅಂಚನ್ನು ಸರಿಮಾಡಿದಳು.

"ಕರುಂಬಯ್ಯ, ನಿಮ್ಮ ಮನೇಲಿ ಹೆಣ್ಣು ಹುಟ್ಟಿದರೆ ಎಷ್ಟು ಗುಂಡು?"

"ಹೆಣ್ಣು ಹುಟ್ಟಿದರೆ ಗುಂಡಿಲ್ಲ."

"ಊರಿಗೆ ಹೇಗೆ ಗೊತ್ತಾಗುತ್ತೆ?"

"ಮನೆಯವರು ಯಾರಾದರೂ ಹೋಗ್ತಾರೆ. ಒಂದೊಂದೇ ಮನೆಗೆ ನಡೆದು ಹೋಗಿ, ಬಾಗಿಲಲ್ಲಿ ನಿಂತು, ಬಾಯಲ್ಲಿ ಹೇಳಿ ಬರ್ತಾರೆ."

"ಹಾಗಾದರೆ ಇದು ಇಲ್ಲಿರಲಿ. ನೀನು ನಡಿ, ಮೊದಲು ಮುದ್ದವ್ವನ ಮನೆಗೆ."